ಹನ್ನೊಂದು ಜನರ ಮುಯ್ಯಿ

ಕಳೆದ ತಿಂಗಳು ಸಾಗರದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ತರಬೇತಿ ನಡೆಯಿತು. ನಿವೃತ್ತರಾದವರೊಬ್ಬರು ಅನುಭವ ಹೇಳಲಿ ಎಂದು ನನ್ನನ್ನೂ ಕರೆದಿದ್ದರು. ಹೋದೆ. ಮಕ್ಕಳೇ ದೇವರು, ತಾಳ್ಮೆಯೇ ನಮ್ಮ ಆಸ್ತಿ ಎಂದೆಲ್ಲ ಹೇಳಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ಮಕ್ಕಳಿಗೆ ಬೇರೆಯವರಿಗೆ ನೆರವಾಗುವುದನ್ನು ಕಲಿಸುವುದು ಹೇಗೆ ಮೇಡಂ ಎಂದು ಕೇಳಿದಳು. ಪಠ್ಯಪುಸ್ತಕದ ಕಥೆಯೊಂದನ್ನು ಹೇಳಿ ಅವಳನ್ನು ಕೂರಿಸಿದೆ.

ಬಸ್ಸಿನಲ್ಲಿ ಬರುವಾಗ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ಯೋಚಿಸಿದೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ನಿಜವಾದ ಉತ್ತರ ಒಂದಿತ್ತು, ಅದನ್ನು ನಾನು ಹೇಳಿರಲಿಲ್ಲ. ಹೇಳಿದರೆ ಶಾಲು ವಾಪಸ್ ಕೇಳುತ್ತಿದ್ದರೋ ಏನೋ. ಪರೋಪಕಾರ ಕಲಿಸಲು ಹೋಗಿ ನಾನು ಒಂದು ಮಗುವನ್ನು ಶಾಲೆ ಬಿಡಿಸಿದವಳು. ಅವಳು ಮತ್ತೆ ಬಂದಳು ನಿಜ, ಆದರೆ ನನ್ನ ಜಾಣತನದಿಂದ ಅಲ್ಲ. ಆ ಸಂಗತಿಯನ್ನು ಬರೆದಿಡುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ವರ್ಗ ಎಲ್ಲಿಗಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ದಡ್ಡತನ ಒಂದೇ ದಿನಕ್ಕೆ ಬರುವುದಿಲ್ಲ, ಅದಕ್ಕೂ ಅಭ್ಯಾಸ ಬೇಕು. ಹಾಗಾಗಿ ಮೊದಲ ಶಾಲೆಯಿಂದಲೇ ಶುರು ಮಾಡುತ್ತೇನೆ.

ಅದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆ. ನನಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಶಿಕ್ಷಕರ ತರಬೇತಿಯಲ್ಲಿ ಒಂದೇ ಒಂದು ಚಿತ್ರ ಕಲಿತಿದ್ದೆ. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು, ಪಕ್ಕಕ್ಕೆ ತೆಂಗಿನ ಮರ. ಪ್ರತಿ ಶುಕ್ರವಾರ ಅದನ್ನೇ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ನೋಡಿ ಬರೆಯುವುದು. ಒಂದು ಶುಕ್ರವಾರ ಎರಡನೇ ಕ್ಲಾಸಿನ ಹುಡುಗನೊಬ್ಬ ಮಲಗಿದ ಎಮ್ಮೆಯಂಥದ್ದೇನನ್ನೋ ಬರೆದು ತಂದ. ಇದೇನೋ ಎಂದರೆ ನಮ್ಮ ಗುಡ್ಡ ಎಂದ. ಗುಡ್ಡ ಚೂಪಾಗಿರುತ್ತದೆ, ಬೋರ್ಡು ನೋಡಿ ಬರಿ ಎಂದು ವಾಪಸ್ ಕಳಿಸಿದೆ.

ನಮ್ಮ ಹೆಡ್ಮಾಸ್ತರರು ನಿವೃತ್ತಿಯ ಅಂಚಿನಲ್ಲಿದ್ದವರು, ಬಾಯಲ್ಲಿ ಸದಾ ಎಲೆಅಡಿಕೆ. ಜಗಲಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ನನ್ನನ್ನು ಕಿಟಕಿ ಹತ್ತಿರ ಕರೆದರು.

“ಇಲ್ಲಿಂದ ಕಾಣೋದ್ರಲ್ಲಿ ಚೂಪು ಗುಡ್ಡ ಯಾವ್ದಮ್ಮ, ತೋರ್ಸಿ ನೋಡನ” ಎಂದರು.

ಒಂದೂ ಇರಲಿಲ್ಲ. ಎಲ್ಲ ಗುಡ್ಡವೂ ಮಲಗಿದ ಎಮ್ಮೆಯ ಹಾಗೇ ಇತ್ತು.

“ಹುಡ್ಗ ಕಂಡಿದ್ದನ್ನ ಬರ್ದಿದಾನೆ. ನೀವು ಇನ್ನೂ ಕಂಡಿಲ್ಲ, ಅಷ್ಟೇ” ಎಂದು ಹೇಳಿ ಉಗುಳಲು ಹೊರಗೆ ಹೋದರು.

ಆ ಸಂಜೆ ಅತ್ತೆ. ನಾಚಿಕೆಯಿಂದ ಅತ್ತೆ ಎಂದರೆ ಸುಳ್ಳಾಗುತ್ತದೆ, ಸಿಟ್ಟಿನಿಂದ ಅತ್ತೆ. ಮಾರನೇ ದಿನ ಆ ಹುಡುಗನನ್ನು ಕರೆದು ನಿನ್ನ ಗುಡ್ಡವೇ ಸರಿ ಮಾರಾಯ ಎಂದೆ. ಅವನಿಗೆ ಯಾವ ಗುಡ್ಡ ಎಂಬುದೇ ಮರೆತುಹೋಗಿತ್ತು. ಅಂದಿನಿಂದ ಬೋರ್ಡಿನ ಮೇಲೆ ಚಿತ್ರ ಬರೆಯುವುದನ್ನು ಬಿಟ್ಟೆ, ಮಕ್ಕಳಿಗೆ ಹಾಳೆ ಕೊಟ್ಟು ನಿಮಗೆ ಕಂಡಿದ್ದು ಬರೆಯಿರಿ ಎನ್ನತೊಡಗಿದೆ. ಅವರು ಬರೆದರು. ಬರೆದಿದ್ದನ್ನು ನೋಡುವ ಕಣ್ಣು ನನಗೆ ಬರಲು ಮಾತ್ರ ಬಹಳ ವರ್ಷ ಹಿಡಿಯಿತು.

ಆಮೇಲೆ ಹೊಸನಗರ ತಾಲ್ಲೂಕಿಗೆ ಬಂದೆ. ಶಾಲೆ ರಿಪ್ಪನ್‌ಪೇಟೆಗೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಅಲ್ಲಿ ನಾನು ನೀತಿಪಾಠದಲ್ಲಿ ಹೆಸರು ಮಾಡಿದ್ದೆ. ಒಂದು ಶುಕ್ರವಾರ ವಯಸ್ಸಾದವರಿಗೆ ನೆರವಾಗಬೇಕು ಎಂದು ಒಂದು ಗಂಟೆ ಕೊರೆದೆ. ಮರುದಿನ ಐದನೇ ಕ್ಲಾಸಿನ ಮೂವರು ಹುಡುಗರು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜನನ್ನು ಕಂಡರು. ಅವರ ಕೈಚೀಲ ಕಿತ್ತುಕೊಂಡು ಓಡಿ, ಹೊರಡುತ್ತಿದ್ದ ಬಸ್ಸಿನೊಳಗೆ ಇಟ್ಟು ಕೈ ಮುಗಿದರು. ಅದು ತೀರ್ಥಹಳ್ಳಿ ಬಸ್ಸು. ಅಜ್ಜ ಹೊರಟಿದ್ದು ಸಾಗರಕ್ಕೆ. ಚೀಲದಲ್ಲಿ ಇದ್ದಿದ್ದು ಮಗಳ ಬಾಣಂತನಕ್ಕೆ ಬೇಕಾದ ಔಷಧಿ ಸಾಮಾನು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು.

ಸೋಮವಾರ ಅಜ್ಜ ಶಾಲೆಗೇ ಬಂದರು. ಕೂಗಾಡಬಹುದು ಎಂದು ನಾನು ಹೆದರಿದ್ದೆ. ಅವರು ಬೆಂಚಿನ ಮೇಲೆ ಕೂತು, ನೀರು ಕುಡಿದು, ಮೆತ್ತಗೆ ಹೇಳಿದರು.

“ನಾನು ಬ್ಯಾಡ ಬ್ಯಾಡ ಅಂತಾನೇ ಇದ್ದೆ, ಕೇಳ್ಳೇ ಇಲ್ಲ. ಸಾಯ ಮಾಡದು ಕಲ್ಸಿ ತಾಯಿ, ಅದ್ರ ಮುಂಚೆ ಕೇಳದು ಕಲ್ಸಿ.”

ಚೀಲ ಆ ಹೊತ್ತಿಗೆ ಕಂಡಕ್ಟರ್ ಕೈಯಿಂದ ವಾಪಸ್ ಬಂದಿತ್ತು. ಈ ಕಥೆಯನ್ನು ನಾನು ಎಷ್ಟೋ ವರ್ಷ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೇನೆ. ಅಜ್ಜ ಹೇಳಿದ ಮಾತನ್ನು ಮಾತ್ರ ನಗುವ ಕಥೆಯ ಬಾಲ ಎಂದುಕೊಂಡಿದ್ದೆ.

ಈಗ ಕೊನೆಯ ಶಾಲೆಗೆ ಬರುತ್ತೇನೆ. ಸಾಗರ ತಾಲ್ಲೂಕು, ತಾಳಗುಪ್ಪದ ಕಡೆಯ ಒಂದು ಊರು. ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲ ಸೇರಿ ಹನ್ನೆರಡು ಮಕ್ಕಳು. ನಾನೊಬ್ಬಳೇ ಟೀಚರು, ಅಡುಗೆಗೆ ಸುಶೀಲಮ್ಮ. ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು.

ಆ ವರ್ಷ ನಮಗೆ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ತರಬೇತಿ ಕೊಟ್ಟರು. ಚಿತ್ರ ಬರೆಸಿ, ಒಬ್ಬರಿಗೊಬ್ಬರು ನೆರವಾಗುವುದನ್ನು ಕಲಿಸಿ, ಮಕ್ಕಳ ಮನಸ್ಸು ಅರಳುತ್ತದೆ ಎಂದರು. ಮಾತು ಸರಿಯಾದದ್ದೇ. ನಾನು ಉತ್ಸಾಹದಿಂದ ಬಂದೆ. ಮೊದಲು ಗೋಡೆಗೆ ನಾಲ್ಕು ಮುಖಗಳ ಚಾರ್ಟು ಹಾಕಿದೆ. ನಗುವ ಮುಖ, ಅಳುವ ಮುಖ, ಸಿಟ್ಟಿನದು, ನಿದ್ದೆಯದು. ಬೆಳಿಗ್ಗೆ ಬಂದ ಕೂಡಲೇ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಯಾವ ಮುಖ ತಮ್ಮದೋ ಅದರ ಕೆಳಗೆ ಸಿಕ್ಕಿಸಬೇಕು. ನಾಲ್ಕನೇ ಕ್ಲಾಸಿನ ಚೇತನ್ ಒಂದು ವಾರ ದಿನವೂ ಸಿಟ್ಟಿನ ಮುಖಕ್ಕೇ ಸಿಕ್ಕಿಸಿದ. ನನಗೆ ಗಾಬರಿಯಾಗಿ ಅವನ ತಾಯಿಯನ್ನು ಕರೆಸಿದೆ. ಮನೆಯಲ್ಲಿ ಜಗಳವೇ, ಯಾರಾದರೂ ಹೊಡೆಯುತ್ತಾರೆಯೇ ಎಂದು ಬಳಸಿ ಬಳಸಿ ಕೇಳಿದೆ. ಕೊನೆಗೆ ಚೇತನ್‌ನನ್ನೇ ಕೇಳಿದರೆ, ಕೆಂಪು ಬಣ್ಣ ಚೆನ್ನಾಗಿದೆ ಟೀಚರ್ ಎಂದ. ತಾಯಿಗೆ ಅರ್ಧ ದಿನದ ಕೆಲಸ ಕೆಟ್ಟಿತು.

ಎರಡನೆಯದು ಸಹಾಯದ ಶನಿವಾರ. ಇದು ನನ್ನದೇ ಯೋಜನೆ. ಶನಿವಾರ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಒಬ್ಬೊಬ್ಬರೂ ಎದ್ದು ಈ ವಾರ ಯಾರಿಗೆ ಏನು ಸಹಾಯ ಮಾಡಿದೆ ಎಂದು ಹೇಳಬೇಕು. ಹೇಳಿದವರಿಗೆ ಎಲ್ಲರೂ ಚಪ್ಪಾಳೆ.

ನಮ್ಮಲ್ಲಿ ಮೂರನೇ ಕ್ಲಾಸಿನಲ್ಲಿ ಸಿಂಚನಾ ಎಂಬ ಹುಡುಗಿ ಇದ್ದಳು. ಅವಳ ಬಲಗೈ ಹುಟ್ಟಿನಿಂದಲೇ ಬಲವಿಲ್ಲದ್ದು. ಮೊಣಕೈ ಅರ್ಧ ಮಡಿಚಿಕೊಂಡೇ ಇರುತ್ತಿತ್ತು, ಬೆರಳು ಮುಚ್ಚುತ್ತಿರಲಿಲ್ಲ. ಎಡಗೈಯಲ್ಲಿ ಚೆನ್ನಾಗಿ ಬರೆಯುತ್ತಿದ್ದಳು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಶಾಲೆಗೆ ಸೇರಿದ ಹೊಸತರಲ್ಲಿ ಅವಳು ಊಟದ ತಟ್ಟೆಯನ್ನು ತಾನೇ ತೊಳೆಯಲು ನೋಡುತ್ತಿದ್ದಳು. ಹೊತ್ತಾಗುತ್ತಿತ್ತು. ಮಧ್ಯಾಹ್ನದ ಗಂಟೆ ಹೊಡೆಯುವ ಅವಸರದಲ್ಲಿ ನಾನೇ ಐದನೇ ಕ್ಲಾಸಿನ ಪೂರ್ವಿಗೆ, ಅವಳದ್ದು ನೀನು ತೊಳೆದುಕೊಡೇ ಎಂದಿದ್ದೆ. ಅದು ಪ್ರೀತಿಯಲ್ಲ, ಟೈಂಟೇಬಲ್ಲು.

ಶನಿವಾರಗಳು ಶುರುವಾದವು. ಪೂರ್ವಿ ಎದ್ದು ಸಿಂಚನಳ ತಟ್ಟೆ ತೊಳೆದೆ ಎಂದಳು. ಚಪ್ಪಾಳೆ. ಚೇತನ್ ಎದ್ದು ಸಿಂಚನಳ ಬ್ಯಾಗು ಹೊತ್ತೆ ಎಂದ. ಚಪ್ಪಾಳೆ. ಮುಂದಿನ ವಾರ ಅವಳ ಚಪ್ಪಲಿ ಹಾಕಿಕೊಟ್ಟವರು, ನೀರು ತಂದುಕೊಟ್ಟವರು, ಪುಟ ಮಗುಚಿಕೊಟ್ಟವರು. ಒಂದನೇ ಕ್ಲಾಸಿನ ಪುಟಾಣಿಯೂ ಎದ್ದು, ಸಿಂಚನಕ್ಕನ ಮೂಗು ಒರೆಸಿದೆ ಎಂದಿತು. ಅವಳಿಗೆ ನೆಗಡಿಯೇ ಇರಲಿಲ್ಲ. ಹನ್ನೆರಡು ಮಕ್ಕಳ ಶಾಲೆಯಲ್ಲಿ ನೆರವು ಬೇಕಾದವಳು ಎಂದು ಗುರುತಾದವಳು ಒಬ್ಬಳೇ. ಹನ್ನೊಂದು ಮಂದಿಗೂ ವಾರಕ್ಕೊಂದು ಪುಣ್ಯ ಬೇಕು. ಸಿಂಚನಾ ಎದ್ದು ಏನು ಹೇಳುತ್ತಿದ್ದಳು? ಏನೂ ಇಲ್ಲ. ಅವಳ ಸರದಿ ಬಂದಾಗ ನಾನು ಮುಗುಳ್ನಕ್ಕು, ನೀನು ಕೂತುಕೋ ಪುಟ್ಟ ಎನ್ನುತ್ತಿದ್ದೆ. ಅದನ್ನೂ ನಾನು ಕನಿಕರ ಎಂದೇ ತಿಳಿದಿದ್ದೆ.

ಎರಡು ತಿಂಗಳಾದ ಮೇಲೆ ಹಾಳೆ ಕೊಟ್ಟು, ನೀವು ಮಾಡಿದ ಸಹಾಯದ ಚಿತ್ರ ಬರೆಯಿರಿ ಎಂದೆ. ಹನ್ನೊಂದು ಚಿತ್ರ ಬಂದವು. ಹನ್ನೊಂದರಲ್ಲೂ ಸಿಂಚನಾ. ಬರೆದವರು ತಮ್ಮನ್ನು ದೊಡ್ಡದಾಗಿ, ಹಾಳೆಯ ನಡುವೆ ಬರೆದುಕೊಂಡಿದ್ದರು. ಅವಳು ಮೂಲೆಯಲ್ಲಿ ಚಿಕ್ಕದಾಗಿ, ಹೆಚ್ಚಿನ ಚಿತ್ರಗಳಲ್ಲಿ ಕೂತುಕೊಂಡು. ಬಲಗೈಯನ್ನು ಒಬ್ಬರು ಗಿಡ್ಡ ಮಾಡಿದ್ದರು, ಒಬ್ಬರು ವಕ್ರ ಮಾಡಿದ್ದರು, ಒಬ್ಬರು ಬಿಟ್ಟೇ ಬಿಟ್ಟಿದ್ದರು. ಸಿಂಚನಾ ಕೊಟ್ಟ ಹಾಳೆ ಖಾಲಿ ಇತ್ತು. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ‘ಪ್ರಯತ್ನಿಸು’ ಎಂದು ಬರೆದೆ.

ಹನ್ನೊಂದು ಚಿತ್ರಗಳನ್ನೂ ಗೋಡೆಗೆ ಸಾಲಾಗಿ ಅಂಟಿಸಿದೆ. ನಮ್ಮ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಿದ್ದರು, ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ನೋಡಿ ಖುಷಿಪಟ್ಟು ಫೋಟೋ ತೆಗೆದು ಶಿಕ್ಷಕರ ಗ್ರೂಪಿಗೆ ಹಾಕಿದರು. ಮೊಬೈಲಿನಲ್ಲಿ ಸಂಜೆತನಕ ಚಪ್ಪಾಳೆಯ ಕೈಗಳು ಬಂದವು. ಆ ಶನಿವಾರ ಶಾಲೆ ಬಿಟ್ಟ ಮೇಲೆ ಸಿಂಚನಾ ಒಬ್ಬಳೇ ಉಳಿದು ಒಂದೊಂದೇ ಚಿತ್ರದ ಮುಂದೆ ನಿಂತು ನೋಡುತ್ತಿದ್ದಳು. ಹೆಮ್ಮೆಯಿಂದ ನೋಡುತ್ತಿದ್ದಾಳೆ ಎಂದುಕೊಂಡೆ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಜ್ವರ ಇರಬೇಕು ಎಂದರು ಮಕ್ಕಳು. ಗುರುವಾರ ಶಾಲೆ ಮುಗಿಸಿ ಅವರ ಮನೆಗೆ ಹೋದೆ.

ಸಿಂಚನಳ ಅಪ್ಪ ಗೂಡ್ಸ್ ಗಾಡಿ ಓಡಿಸುತ್ತಾನೆ, ಅಮ್ಮ ಗದ್ದೆ ಕೆಲಸ. ಇಬ್ಬರೂ ಇನ್ನೂ ಬಂದಿರಲಿಲ್ಲ. ಅಜ್ಜಿ ಚೌಡಮ್ಮ ಜಗಲಿಯಲ್ಲಿ ಕೂತು ಪುಂಡಿ ನಾರಿನ ಕುಂಚ ಕಟ್ಟುತ್ತಿದ್ದರು. ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಆ ಸುತ್ತಿನಲ್ಲಿ ಅವರದ್ದು ಎತ್ತಿದ ಕೈ. ನನ್ನನ್ನು ಕಂಡು ಚಾಪೆ ಹಾಸಿದರು.

“ಬನ್ನಿ ಅಕ್ಕೋರೆ, ಕುತ್ಕಳಿ” ಎಂದರು. ಜ್ವರ ಹೇಗಿದೆ ಎಂದು ಕೇಳಿದೆ. “ಜ್ವರ ಗಿರ ಏನಿಲ್ಲ. ಇನ್ನು ಶಾಲಿಗೆ ಹೋಗಲ್ಲ ಅಂತ ಕುಂತದೆ.”

ಯಾರು ಬೈದರು, ಯಾರು ಹೊಡೆದರು ಎಂದು ಕೇಳಿದೆ. ಯಾರೂ ಇಲ್ಲ. ಸಿಂಚನಾ ಬಾಗಿಲ ಹಿಂದೆ ನಿಂತಿದ್ದಳು, ಅವಳ ಲಂಗದ ಅಂಚು ಕಾಣುತ್ತಿತ್ತು. ಎಲ್ಲರೂ ಅವಳನ್ನು ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ ಚೌಡಮ್ಮ, ಒಬ್ಬೊಬ್ಬರೂ ಒಂದೊಂದು ಸಹಾಯ ಮಾಡುತ್ತಾರೆ ಎಂದು ನಾನು ವಿವರಿಸಿದೆ. ಚೌಡಮ್ಮ ಕುಂಚ ಕೆಳಗಿಟ್ಟರು.

“ಅದೇ ಹೇಳ್ತು ಕೂಸು. ಹನ್ನೊಂದ್ ಜನ ಅಂತ ಎಣಿಸ್ಕಂಡು ಬಂದದೆ. ನೋಡಿ ಅಕ್ಕೋರೆ, ಗೇಣಿ ಕಾಲದಾಗೂ ನಮ್ಮನೇರು ಯಾರ ಮುಯ್ಯಿನೂ ಉಳಿಸ್ಕಂಡೋರಲ್ಲ. ನಮ್ಮ ನಟ್ಟಿಗೆ ಹತ್ತು ಆಳು ಬಂದ್ರೆ ಹತ್ತು ಮನೆ ನಟ್ಟಿಗೂ ಹೋಗಿ ಬಂದಿದೀವಿ. ನೀವು ಈ ಕೂಸಿನ ಮ್ಯಾಲೆ ಹನ್ನೊಂದ್ ಜನರ ಮುಯ್ಯಿ ಹೊರಿಸಿ, ಅದನ್ನ ಗೋಡಿಗೆ ಬ್ಯಾರೆ ಹಚ್ಚಿದೀರಿ. ಅದು ಹೆಂಗೆ ತಲೆ ಎತ್ಕಂಡು ಬರ್ತದೆ?”

ಹೊಸಬರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುತ್ತಾರೆ. ಕೂಲಿ ಇಲ್ಲ. ನೀವು ನಮ್ಮಲ್ಲಿಗೆ ಒಂದು ದಿನ ಬಂದರೆ ನಾವು ನಿಮ್ಮಲ್ಲಿಗೆ ಒಂದು ದಿನ ಬರುತ್ತೇವೆ. ಅದು ಮುಯ್ಯಾಳು. ತೀರಿಸದೆ ಉಳಿದರೆ ಮನೆಯ ಮರ್ಯಾದೆ ಹೋಯಿತು ಎಂದೇ ಲೆಕ್ಕ. ಇದು ನನಗೆ ಗೊತ್ತಿಲ್ಲದ್ದೇ? ಹತ್ತು ವರ್ಷದವಳಿದ್ದಾಗ ಅಮ್ಮನಿಗೆ ಕಾಯಿಲೆಯಾಗಿ, ಅವಳ ಬದಲು ನಾನು ಪಕ್ಕದ ಮನೆಯ ಗದ್ದೆಗೆ ಹೋಗಿ ಸಸಿ ಹಂಚಿ ಬಂದಿದ್ದೆ. ಆ ದಿನ ಬಂದಷ್ಟು ಹೆಮ್ಮೆ ನನಗೆ ಕೆಲಸದ ಆರ್ಡರ್ ಕೈಗೆ ಬಂದಾಗಲೂ ಆಗಿರಲಿಲ್ಲ. ಆ ಹೆಮ್ಮೆಯನ್ನೇ ನಾನು ಸಿಂಚನಳಿಂದ ಕಿತ್ತುಕೊಂಡಿದ್ದೆ.

ಆದರೂ ಮಾತು ಬಿಡುವವಳಲ್ಲ ನಾನು. ಅವರೆಲ್ಲ ಪ್ರೀತಿಯಿಂದ ಮಾಡಿದ್ದು ಎಂದೆ.

“ಪ್ರೀತಿ ಇಲ್ದೆ ಯಾರಾದ್ರೂ ಮುಯ್ಯಿಗೆ ಬರ್ತಾರಾ?” ಎಂದರು ಚೌಡಮ್ಮ.

ಅವರ ಹಿಂದಿನ ಗೋಡೆಯಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಹಸೆ ಇತ್ತು. ಕೆಳಗೆ ಸಾಲಾಗಿ ಕೈ ಹಿಡಿದು ನಿಂತ ಮನುಷ್ಯರು. ಎಲ್ಲರೂ ಒಂದೇ ಅಳತೆ. ನನ್ನ ಶಾಲೆಯ ಗೋಡೆಯ ಹನ್ನೊಂದು ಹಾಳೆಗಳು ಕಣ್ಣಿಗೆ ಕಟ್ಟಿದವು. ಅವನ್ನು ನಾನು ಅಂಟಿಸಿದ್ದೆ, ಆದರೆ ನೋಡಿರಲಿಲ್ಲ. ಅಲ್ಲಿಯೇ, ಆ ಚಾಪೆಯ ಮೇಲೆ ಕೂತು ಮೊದಲ ಸಲ ನೋಡಿದೆ.

ಬಾಗಿಲ ಕಡೆ ತಿರುಗಿ, ತಪ್ಪಾಯಿತು ಸಿಂಚನಾ ಎಂದೆ. ಅವಳು ಹೊರಗೆ ಬರದೆಯೇ ಹೇಳಿದಳು.

“ನನ್ ಹತ್ರ ಯಾರೂ ಏನೂ ಕೇಳಲ್ಲ ಟೀಚರ್. ರಬ್ಬರೂ ಕೇಳಲ್ಲ.”

ಏನು ಮಾಡಿದರೆ ಬರುತ್ತೀಯಾ ಎಂದು ಕೇಳಿದೆ. ಅವಳು ಯೋಚಿಸಿಟ್ಟಿದ್ದಳು ಎಂದು ಕಾಣುತ್ತದೆ. ಎಲ್ಲರ ತಟ್ಟೆಯನ್ನೂ ತೊಳೆಯುತ್ತೇನೆ, ದಿನಕ್ಕೊಬ್ಬರದ್ದು, ಯಾರೂ ಬಂದು ಹಿಡಿಯಬಾರದು, ನೀವೂ ಬರಬಾರದು ಎಂದಳು. ನಾನು ಒಪ್ಪಿದೆ. ಚೌಡಮ್ಮ ಕುಂಚ ಎತ್ತಿಕೊಂಡು, ಮಾತು ಉಳಿಸ್ಕಳಿ ಅಕ್ಕೋರೆ ಎಂದರು.

ಮರುದಿನ ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು, ಸಿಂಚನಾ ನಿಮಗೆ ಮಾಡಿದ ಸಹಾಯ ಏನು ಹೇಳಿ ಎಂದೆ. ಪುಟಾಣಿ ಮೂಗು ಕೆರೆದುಕೊಂಡಿತು. ಕೊನೆಗೆ ಚೇತನ್, “ಅವ್ಳು ಏನಾದ್ರೂ ಮಾಡಕ್ಕೆ ಬಂದ್ರೆ ನೀವೇ ಬೇಡ ಅಂತೀರಲ್ಲ ಟೀಚರ್” ಎಂದ. ಅವರ ಎದುರಿಗೇ ಚಿತ್ರಗಳನ್ನು ಗೋಡೆಯಿಂದ ತೆಗೆದೆ. ಪೂರ್ವಿ ಅತ್ತಳು. ಹಾಗಾದರೆ ಇಷ್ಟು ದಿನ ನಾನು ಮಾಡಿದ್ದು ತಪ್ಪೇ ಎಂದು ಕೇಳಿದಳು. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಒಳ್ಳೆಯ ಮಗುವಿಗೆ ಇದನ್ನು ವಿವರಿಸುವ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಸೋಮವಾರ ಸಿಂಚನಾ ಬಂದಳು. ಊಟವಾದ ಮೇಲೆ ಚೇತನ್‌ನ ತಟ್ಟೆ ತೆಗೆದುಕೊಂಡು ನೀರಿನ ತೊಟ್ಟಿಯ ಹತ್ತಿರ ಹೋದಳು. ತಟ್ಟೆಯನ್ನು ತೊಟ್ಟಿಯ ಗೋಡೆಗೆ ಒರಗಿಸಿ, ಬಲ ಮೊಣಕೈಯಿಂದ ಒತ್ತಿ ಹಿಡಿದು, ಎಡಗೈಯಲ್ಲಿ ಅಡಿಕೆ ಸಿಪ್ಪೆ ಹಿಡಿದು ಉಜ್ಜಿದಳು. ತಟ್ಟೆ ಜಾರಿ ಬಿತ್ತು. ಎತ್ತಿ ಮತ್ತೆ ಒರಗಿಸಿದಳು. ಮತ್ತೆ ಬಿತ್ತು. ಲಂಗ ಒದ್ದೆಯಾಯಿತು. ಹನ್ನೊಂದು ಮಕ್ಕಳು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಗಂಟೆ ಹೊಡೆಯುವ ಹೊತ್ತು ಮೀರಿತ್ತು. ನಾನು ನನ್ನ ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ. ಕಲಿಸುವುದು ಕಷ್ಟದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಏನೂ ಮಾಡದೆ ನಿಲ್ಲುವುದು ಅದಕ್ಕಿಂತ ಕಷ್ಟ, ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ತೊಳೆದ ತಟ್ಟೆಯನ್ನು ಚೇತನ್ ತಿರುಗಿಸಿ ನೋಡಿದ. ಅಂಚಿನಲ್ಲಿ ಒಂದು ಅಗುಳು ಅಂಟಿಕೊಂಡಿತ್ತು. ಏನೂ ಹೇಳದೆ ತಟ್ಟೆಗಳ ಸಾಲಿಗೆ ಇಟ್ಟ. ಅವನ ಬಗ್ಗೆ ನನಗೆ ಅಂದು ಬಹಳ ಗೌರವ ಬಂತು.

ದಿನಕ್ಕೊಂದು ತಟ್ಟೆ ಆಗುತ್ತ ಹೋಯಿತು. ನಾಲ್ಕನೆಯ ದಿನಕ್ಕೆ ತಟ್ಟೆ ಬೀಳುವುದು ನಿಂತಿತು. ಆದರೆ ಸುಶೀಲಮ್ಮನಿಗೆ ಇದು ಸರಿ ಕಾಣಲಿಲ್ಲ, ಆ ಕೂಸಿನ ಕೈಯಲ್ಲಿ ಎಂಜಲು ಬಳಿಸುವುದು ಪಾಪ ಎಂದು ಗೊಣಗಿದರು. ಒಂದು ವಾರವಾದ ಮೇಲೆ ರಸ್ತೆಯಲ್ಲಿ ಹೋಗುವವರು ಯಾರೋ ಫೋಟೋ ತೆಗೆದು ಸಿಆರ್‌ಪಿಯವರಿಗೆ ಕಳಿಸಿದರು. ಅವರು ಫೋನ್ ಮಾಡಿದರು, ಧ್ವನಿಯಲ್ಲಿ ಗಾಬರಿ ಇತ್ತು. ಕೈ ಇಲ್ಲದ ಮಗುವಿನಿಂದ ತಟ್ಟೆ ತೊಳೆಸುತ್ತೀರಂತೆ ಮೇಡಂ, ಇದು ಮೇಲಿನವರ ತನಕ ಹೋದರೆ ನಿಮ್ಮ ಪಿಂಚಣಿಗೇ ತೊಂದರೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಫೋಟೋ ನಾನೇ ನೋಡಿದ್ದರೂ ಅಂಥ ಟೀಚರನ್ನು ಬೈಯುತ್ತಿದ್ದೆ. ಅವಳಿಗೆ ಕೈ ಇದೆ, ಬಂದು ನೋಡಿ ಎಂದೆ. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಿಲ್ಲಿಸಿಬಿಡೋಣ, ಹೇಗೂ ಅರ್ಧಕ್ಕಿಂತ ಹೆಚ್ಚು ತೀರಿತಲ್ಲ ಎಂದು ಒಂದು ಮನಸ್ಸು ಹೇಳಿತು. ಅರ್ಧ ತೀರಿದ ಮುಯ್ಯಿ ತೀರಿದ ಹಾಗಲ್ಲ ಎಂಬುದು ಗೊತ್ತಿದ್ದೂ.

ಅವರು ಬಂದಿದ್ದು ಹನ್ನೊಂದನೆಯ ದಿನ. ಅವತ್ತು ಪೂರ್ವಿಯ ತಟ್ಟೆ. ಅವಳದ್ದನ್ನು ಸಿಂಚನಾ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು, ದೊಡ್ಡ ಸಾಲ ಅವಳದ್ದೇ ತಾನೆ. ಸಿಂಚನಾ ತೊಟ್ಟಿಯ ಹತ್ತಿರ ಬಗ್ಗಿದ್ದನ್ನು ನೋಡಿ ಸಿಆರ್‌ಪಿಯವರಿಗೆ ತಡೆಯಲಾಗಲಿಲ್ಲ, ಹಿಡಿದುಕೊಡಲು ಹೆಜ್ಜೆ ಇಟ್ಟರು. ನಿಲ್ಲಿ ಸಾರ್ ಎಂದೆ. ನಿಂತರು. ಇಬ್ಬರೂ ನೋಡಿದೆವು. ಅವಳು ನೀರು ಹೊಯ್ದು, ಉಜ್ಜಿ, ಮತ್ತೆ ಹೊಯ್ದು, ತಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ತೃಪ್ತಿಯಾಗದೆ ಇನ್ನೊಮ್ಮೆ ಉಜ್ಜಿ, ತಂದು ಪೂರ್ವಿಯ ಕೈಗೆ ಕೊಟ್ಟಳು. ಪೂರ್ವಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಓಡಿದಳು.

ಮುಗಿಯಿತು ಎಂದುಕೊಂಡು ನಾನು ಉಸಿರು ಬಿಡುವಷ್ಟರಲ್ಲಿ ಸಿಂಚನಾ ನಮ್ಮ ಕಡೆ ಬಂದಳು.

“ಟೀಚರ್, ನಿಮ್ ತಟ್ಟೆ?”

ನನಗೆ ಅರ್ಥವಾಗಲಿಲ್ಲ.

“ನೀವು ದಿನಾ ಪೆನ್ಸಿಲ್ ಕೆತ್ತಿ ಕೊಡ್ತಿದ್ರಲ್ಲ.”

ಅವತ್ತು ನಾನೂ ಮಕ್ಕಳ ಜೊತೆಗೇ ಉಂಡಿದ್ದೆ. ಎಂಜಲು ತಟ್ಟೆ ಕಟ್ಟೆಯ ಮೇಲೆ ಹಾಗೇ ಇತ್ತು. ಶಿಕ್ಷಕರು ತಮ್ಮ ಕೆಲಸವನ್ನು ಮಕ್ಕಳಿಂದ ಮಾಡಿಸಬಾರದು ಎಂಬುದು ನಿಯಮ. ಒಳ್ಳೆಯ ನಿಯಮ, ಅದು ಯಾಕೆ ಬಂತು ಎಂಬುದನ್ನು ಬೇರೆ ಶಾಲೆಗಳಲ್ಲಿ ಕಣ್ಣಾರೆ ಕಂಡವಳು ನಾನು. ಅದನ್ನು ಪಾಲಿಸುತ್ತಿದ್ದಾರೆಯೇ ಎಂದು ನೋಡಬೇಕಾದವರು ಮೊಬೈಲ್ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಬೇಡ ಪುಟ್ಟ, ಕೂತುಕೋ ಎಂಬ ಮಾತು ಹಳೆಯ ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೇಡ ಎನ್ನುತ್ತೇನೆ ಎಂದು ಅವಳಿಗೆ ಖಾತ್ರಿಯಿತ್ತು.

ತಟ್ಟೆ ತೆಗೆದು ಅವಳ ಕೈಗೆ ಕೊಟ್ಟೆ.

ಸಿಆರ್‌ಪಿಯವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ನಲ್ಲಿಯ ಪೈಪು ಸೋರುತ್ತಿದೆ ಎಂದೇನೋ ಹೇಳುತ್ತ ಕಟ್ಟಡದ ಹಿಂದಕ್ಕೆ ಹೋದರು. ಮೇಲಿನವರಿಂದ ಯಾವ ನೋಟೀಸೂ ಬರಲಿಲ್ಲ. ಅವರ ಉಪಕಾರ ನನ್ನ ಮೇಲಿದೆ, ಇಲ್ಲಿ ಬರೆಯುವುದಷ್ಟೇ ನಾನು ತೀರಿಸಬಹುದಾದ ದಾರಿ. ನನ್ನ ತಟ್ಟೆಗೆ ಸಿಂಚನಾ ಬೇರೆಯವರದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಲೂ ಇಲ್ಲ, ಕಡಿಮೆಯೂ ಇಲ್ಲ. ತಂದುಕೊಟ್ಟು “ಆಯ್ತು” ಎಂದಳು. ಧನ್ಯವಾದ ಎಂದೆ. ಅವಳಿಗೆ ಅದು ಬೇಕಾಗಿರಲಿಲ್ಲ, ಆಗಲೇ ಒಳಗೆ ಹೊರಟಿದ್ದಳು.

ಸಹಾಯದ ಶನಿವಾರವನ್ನು ಅಲ್ಲಿಗೇ ಬಿಟ್ಟೆ. ಪುಟಾಣಿ ಒಂದೆರಡು ಸಲ ಎದ್ದು ನಿಂತು, ಯಾರೂ ಕೇಳದಿದ್ದಾಗ ಕೂತಿತು.

ನನ್ನ ತಟ್ಟೆ ತೊಳೆದ ಮಾರನೆಯ ದಿನ ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಓಡಿ ಆಡುತ್ತಿದ್ದರು. ಸಿಂಚನಳ ಒಂದು ಜಡೆ ಬಿಚ್ಚಿಹೋಯಿತು. ಅಲ್ಲಿಯತನಕ ಅವಳು ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ, ಕೇಳುವ ಮೊದಲೇ ನಾವೆಲ್ಲ ಮುಗಿಬೀಳುತ್ತಿದ್ದೆವು. ಈಗ ಯಾರೂ ಹತ್ತಿರ ಹೋಗಲಿಲ್ಲ, ಹೋಗಬೇಕೋ ಬಾರದೋ ತಿಳಿಯದೆ ನಿಂತರು. ಅವಳು ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ಸುತ್ತ ನೋಡಿ, ಆಮೇಲೆ ಅದನ್ನು ಎಡಗೈಗೆ ತೆಗೆದುಕೊಂಡು ಕೂಗಿದಳು.

“ಏ ಪೂರ್ವಿ, ಬಾರೆ ಇಲ್ಲಿ. ಜಡೆ ಹಾಕು. ನಿನ್ನೆ ತರ ಸಡಿಲ ಹಾಕ್ಬೇಡ, ಗಟ್ಟಿ ಹಾಕು.”

ಪೂರ್ವಿ ಓಡಿ ಬಂದು, ನಿನ್ನೆ ನಾನೆಲ್ಲಿ ಹಾಕಿದ್ದೆ, ನಿಮ್ಮಜ್ಜಿ ಹಾಕಿದ್ದು ಎಂದು ಜಗಳ ಮಾಡುತ್ತಲೇ ಜಡೆ ಹೆಣೆಯತೊಡಗಿದಳು. ಇವಳು ನೋವಾಗುತ್ತದೆ ಎಂದು ಬೈದಳು. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಹಾಕುವವಳಾಗಲಿ, ಹಾಕಿಸಿಕೊಳ್ಳುವವಳಾಗಲಿ, ಒಬ್ಬರೂ ನನ್ನ ಕಡೆ ನೋಡಲಿಲ್ಲ.